ಗಂಜಿ ಕುಡಿದ ಕಾರು

ನಮ್ಮ ಓಣಿಯ ಮಂದಿಗೆ ನನ್ನ ಮುಖಕ್ಕಿಂತ ನನ್ನ ಕಾಲುಗಳ ಪರಿಚಯವೇ ಹೆಚ್ಚು. ವಾರವೆಲ್ಲ ನಾನು ಹೈಸ್ಕೂಲಿನ ಚಿತ್ರಕಲಾ ಮಾಸ್ತರ. ರವಿವಾರ ಮಾತ್ರ ಮನೆಯ ಮುಂದೆ ನಿಂತ ಹಳೆಯ ಕಾರಿನ ಅಡಿಯಿಂದ ಹೊರಗೆ ಚಾಚಿಕೊಂಡ ಎರಡು ಕಾಲು. ಹಾಲಿನವನು, ಪೇಪರಿನವನು, ವಾಕಿಂಗಿಗೆ ಹೊರಟ ಹಿರಿಯರು ಎಲ್ಲರೂ ಆ ಕಾಲುಗಳಿಗೇ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ಸೆಕ್ಟರುಗಳೆಲ್ಲ ಒಂದೇ ನಮೂನೆ, ಮನೆಗಳೂ ಒಂದೇ ನಮೂನೆ. ಹಳೆಯ ಊರಿನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಇಲ್ಲಿಗೆ ಬಂದವರು ಮೊದಮೊದಲು ಸಂಜೆಗೆ ತಮ್ಮ ಮನೆ ಯಾವುದೆಂದು ತಿಳಿಯದೆ ಪಕ್ಕದವರ ಬಾಗಿಲು ಬಡಿಯುತ್ತಿದ್ದರಂತೆ. ನಮ್ಮ ನೆರೆಯವರಿಗೆ ಆ ತೊಂದರೆಯಿಲ್ಲ. ಫೋನಿನಲ್ಲಿ ಬೀಗರಿಗೆ ದಾರಿ ಹೇಳುವಾಗ, "ಒಂದು ಕಾರಿನ ಬುಡಕ ಎರಡು ಕಾಲು ಕಾಣತಾವ್ರಿ, ಅದರ ಬಾಜೂ ಮನಿ" ಎನ್ನುತ್ತಾರೆ. ಊರಿಗೆ ನನ್ನಿಂದ ಆದ ಉಪಕಾರ ಇದೊಂದೇ ಎಂಬುದು ನನ್ನ ಹೆಂಡತಿ ಗಿರಿಜಾಳ ಅಭಿಪ್ರಾಯ.

ಕಾರಿನ ಕಂಪನಿಯ ಹೆಸರು ಹೇಳುವುದಿಲ್ಲ. ಅದರಲ್ಲಿ ಈಗ ಕಂಪನಿಯದು ಎಷ್ಟು ಉಳಿದಿದೆ, ನನ್ನದು ಎಷ್ಟು ಸೇರಿದೆ ಎಂದು ನನಗೇ ಗೊತ್ತಿಲ್ಲ. ಗೇರಿನ ತುದಿಗೆ ಬಣ್ಣದ ಬುಗುರಿ ಕೂಡಿಸಿದ್ದೇನೆ. ಹಿಂದಿನ ಗಾಜನ್ನು ಏರಿಸಬೇಕಾದರೆ ಒಬ್ಬರು ಹಿಡಿಕೆ ತಿರುಗಿಸಬೇಕು, ಇನ್ನೊಬ್ಬರು ಎರಡೂ ಅಂಗೈಯಿಂದ ಗಾಜನ್ನು ಒತ್ತಿ ಮೇಲೆತ್ತಬೇಕು. ಬಣ್ಣವಂತೂ ನಾನೇ ಬಳಿದದ್ದು. ಬಳಿಯುವಾಗ ಸ್ವಲ್ಪ ನೆರಳು ಬೆಳಕಿನ ಕೆಲಸ ಮಾಡಿದ್ದರಿಂದ ಬಾಗಿಲು ತಗ್ಗಿದಂತೆ ಕಾಣುತ್ತದೆ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಅದು ನಿಜವಾಗಿಯೂ ತಗ್ಗಿದೆ ಎಂದು ನಾನು ಹೇಳಲು ಹೋಗಿಲ್ಲ. ಪ್ರತಿ ಸಲ ಬಿಚ್ಚಿ ಜೋಡಿಸಿದಾಗ ಒಂದೆರಡು ನಟ್ಟು ಉಳಿಯುತ್ತವೆ. ಅವನ್ನೆಲ್ಲ ಶೇಂಗಾ ಚಟ್ನಿಯ ಖಾಲಿ ಡಬ್ಬಿಯಲ್ಲಿ ಕೂಡಿಹಾಕಿದ್ದೇನೆ. "ಈ ಡಬ್ಬಿ ತುಂಬಿತಂದ್ರ ಇನ್ನೊಂದು ಕಾರ್ ಆಗತೈತಿ ನೋಡ್ರಿ" ಎಂದು ಗಿರಿಜಾ ಒಮ್ಮೆ ಹೇಳಿದಳು. ಅವಳು ಚೇಷ್ಟೆಗೆ ಹೇಳಿದ್ದು. ನಾನು ಮಾತ್ರ ಆ ವಿಷಯವನ್ನು ಎರಡು ದಿನ ಗಂಭೀರವಾಗಿ ಯೋಚಿಸಿದೆ.

ನನಗೆ ಈ ಕಾರಿನ ಮೇಲೆ ಬಹಳ ಪ್ರೀತಿ. ಶಾಲೆಯಲ್ಲಿ ಯಾವ ಚಿತ್ರ ಬರೆಯಿರಿ ಎಂದರೂ ಮಕ್ಕಳು ಎರಡು ಗುಡ್ಡದ ನಡುವೆ ಒಂದು ಸೂರ್ಯನನ್ನೇ ಬರೆಯುತ್ತಾರೆ. ಎಷ್ಟು ತಿದ್ದಿದರೂ ಮರುವಾರ ಅದೇ ಗುಡ್ಡ, ಅದೇ ಸೂರ್ಯ. ಕಾರು ಹಾಗಲ್ಲ. ಅದು ಪ್ರತಿ ವಾರ ಹೊಸ ಜಾಗದಲ್ಲಿ ಕೆಡುತ್ತದೆ.

ಈ ಕಾರನ್ನು ನನ್ನಷ್ಟೇ ಪ್ರೀತಿಸುವ ಇನ್ನೊಬ್ಬರೆಂದರೆ ನನ್ನ ಅತ್ತೆ ಸಂಗವ್ವ. ಇಳಕಲ್ಲಿನಲ್ಲಿ ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಮೇಲೆ ಸೀರೆ ನೇಯ್ದು ಜೀವನ ಮಾಡಿದವರು. ಮೊಣಕಾಲು ಹಿಡಿದುಕೊಂಡ ಮೇಲೆ ಮಗ್ಗ ಬಿಟ್ಟು ಮಗಳ ಮನೆಗೆ ಬಂದರು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ಆಗುವುದಿಲ್ಲ, ಈಗಿನ ಬಾಡಿಗೆ ಗಾಡಿಗಳೂ ಎತ್ತರ. ನನ್ನ ಕಾರು ನೆಲಕ್ಕೆ ಹತ್ತಿರ. ಅದಕ್ಕೂ ಒಂದು ಅಡುಗೆಮನೆಯ ಮಣೆಗೆ ಹಗ್ಗ ಕಟ್ಟಿ ಮೆಟ್ಟಿಲು ಮಾಡಿಕೊಟ್ಟಿದ್ದೇನೆ. ಅತ್ತೆ ಮಣೆಯ ಮೇಲೆ ಕಾಲಿಟ್ಟು ಒಳಗೆ ಕೂತು, ಹಗ್ಗ ಜಗ್ಗಿ ಮಣೆಯನ್ನು ತಾವೇ ಒಳಗೆ ಎಳೆದುಕೊಳ್ಳುತ್ತಾರೆ. ಮೊದಲ ದಿನ ಮುಂದಿನ ಸೀಟಿನಲ್ಲಿ ಕೂತು ಕಾಲು ಇಳಿಬಿಟ್ಟು, "ಮಾಸ್ತರ್ರ, ಮಗ್ಗದ ಕುಣ್ಯಾಗ ಕುಂತಂಗ ಆತ್ರಿ" ಎಂದರು. ಆಗಿನಿಂದ ಇಳಕಲ್ಲಿನಲ್ಲಿರುವ ತಂಗಿ ಗೌರವ್ವನನ್ನು ನೋಡಬೇಕೆಂದಾಗಲೆಲ್ಲ ಅವರಿಗೆ ಈ ಕಾರೇ ಗತಿ. ಕಾರು ಹೋಯಿತೆಂದರೆ ಇಳಕಲ್ಲೂ ಹೋಯಿತು.

ಕಾರು ಹೋಗುವ ಮಾತು ಬಂದದ್ದು ಬನಶಂಕರಿಯ ದಾರಿಯಲ್ಲಿ. ಗಿರಿಜಾ ಹೊಸ ಸೀರೆ ಉಟ್ಟು ದೇವಿಯ ದರ್ಶನಕ್ಕೆ ಬಂದಿದ್ದಳು. ದರ್ಶನ ಮುಗಿಸಿ ಹೊರಟರೆ ಚೊಳಚಗುಡ್ಡದ ಹತ್ತಿರ ಕಾರು ನಿಂತೇಬಿಟ್ಟಿತು. ನಾನು ಸ್ಟೇರಿಂಗ್ ಹಿಡಿದೆ, ಅವಳು ಇಳಿದು ದಬ್ಬಿದಳು. ಗುಡಿಯ ಬಳಿ ರೊಟ್ಟಿ ಮೊಸರು ಮಾರಿ ಊರಿಗೆ ಹೊರಟಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಕೈ ಹಚ್ಚಿದರು. ಅದಾದರೂ ಸುಮ್ಮನೆ ಹಚ್ಚಿದರೆ? "ಯವ್ವಾ, ಸೆರಗು ಸೊಂಟಕ್ಕ ಸಿಗಸ್ಕೋ, ಬಲ ಬರತೈತಿ" ಎಂದು ಒಬ್ಬಾಕೆ ಹೇಳಿದರೆ, ಇನ್ನೊಬ್ಬಾಕೆ ಅವಳ ಕೈಗೆ ಒಂದು ಖಡಕ್ ರೊಟ್ಟಿ ಕೊಟ್ಟು, "ಭಾಳ ಬಿಳಚಗೊಂಡೀಯವ್ವ, ತಿನ್ನು" ಎಂದಳಂತೆ. ಮನೆಗೆ ಬರುವ ತನಕ ಗಿರಿಜಾ ಆ ರೊಟ್ಟಿಯನ್ನು ಮುರಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಬಾಗಿಲು ತೆರೆದು ಒಳಗೆ ಹೋದವಳು ತೀರ್ಪು ಕೊಟ್ಟಳು. "ಅವ್ವನ ಸಲುವಾಗಿ ಇನ್ನೊಂದ ಸಲ ನೋಡ್ತೇನಿ. ಬರೂ ರವಿವಾರ ಇಳಕಲ್ಲಿಗೆ ಹೋಗಿ ಬರೂನು. ಹೋಗಿ ಬರೂದ್ರಾಗ ಯಾರರ ಒಬ್ಬರು ಈ ಗಾಡಿಗೆ ಕೈ ಹಚ್ಚಿ ದಬ್ಬಿದ್ದು ನಾ ಕಂಡ್ನೆಂದ್ರ, ಮರದಿನಾನ ಗುಜರಿಗೆ. ಮತ್ತ ನೀವು ಮಾತಾಡಂಗಿಲ್ಲ, ಅವ್ವಾ, ನೀನೂ ಮಾತಾಡಂಗಿಲ್ಲ."

ಆ ವಾರ ನಾನು ಶಾಲೆಯಿಂದ ಬಂದವನೇ ಕಾರಿನ ಅಡಿಗೆ ಹೋಗುತ್ತಿದ್ದೆ. ಪ್ಲಗ್ಗು ತಿಕ್ಕಿದೆ, ಬ್ಯಾಟರಿಗೆ ನೀರು ಹಾಕಿದೆ, ಫ್ಯಾನಿನ ಬೆಲ್ಟು ಬದಲಿಸಿದೆ. ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಾರಿನ ಒಳಮಾಳಿಗೆಯ ಬಟ್ಟೆ ಜೋತುಬಿದ್ದು ಕೂತವರ ತಲೆಗೆ ತಾಗುತ್ತಿತ್ತು. ಅಂಗಡಿಯಿಂದ ತಂದ ಯಾವ ಗೋಂದೂ ನಮ್ಮ ಬಿಸಿಲಿಗೆ ತಡೆಯಲಿಲ್ಲ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅತ್ತೆ, "ನಾವು ನೂಲಿಗೆ ಗಂಜಿ ಹಚ್ತಿದ್ವಿ. ಅದು ಹಿಡಕೊಂಡ್ರ ಬಿಡೂದಿಲ್ರಿ ಮಾಸ್ತರ್ರ" ಎಂದರು. ಎಂದು ಸುಮ್ಮನಾಗದೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಬಟ್ಟೆ ತಂದರು. ಅವರು ಕೊನೆಯದಾಗಿ ನೇಯ್ದ ಸೀರೆ. ಮೈಯೆಲ್ಲ ಮುಗಿದು ಸೆರಗಿಗೆ ಬರುವಷ್ಟರಲ್ಲಿ ಮೊಣಕಾಲು ಕೈಕೊಟ್ಟು ಮಗ್ಗ ನಿಂತಿತ್ತು. "ಸೆರಗಿಲ್ಲದ ಸೀರಿ ಯಾರು ಉಡ್ತಾರ? ಇದರಾಗರ ಇರಲಿ. ಕುಂತಾಗ ಮ್ಯಾಲೆ ನೋಡ್ತೇನಿ" ಎಂದರು. ಕಡುನೀಲಿ ಮೈ, ಕೆಂಪು ದಡಿ. ನಾನು ಎಣ್ಣೆಯ ಕೈ ತೊಳೆದುಕೊಂಡು ಬಂದೇ ಅದನ್ನು ಮುಟ್ಟಿದೆ.

ಶಾಲೆಯಲ್ಲಿ ಚಾರ್ಟು ಅಂಟಿಸುವ ಗಂಜಿಗೆ ಹುಳ ಬರದಂತೆ ಚೂರು ಮೈಲುತುತ್ತ ಹಾಕುತ್ತೇವೆ. ಅದನ್ನು ಹೇಳಿದೆ. "ಅನ್ನಕ್ಕ ವಿಷಾ ಹಾಕತಾರೇನ್ರಿ?" ಎಂದು ಅತ್ತೆ ಗದರಿದರು. ಹಾಕಲಿಲ್ಲ. ಅವರು ಅಕ್ಕಿ ಗಂಜಿ ಕಾಯಿಸಿ ಕೊಟ್ಟರು, ನಾನು ತಲೆ ಮೇಲೆತ್ತಿ ಬಟ್ಟೆ ಅಂಟಿಸಿದೆ. ಎಂಥ ಚಂದ! ಕಾರಿನೊಳಗೆ ಕೂತರೆ ಮದುವೆಯ ಹಂದರದಲ್ಲಿ ಕೂತ ಹಾಗೆ. ಆ ಖುಷಿಯಲ್ಲಿ ನನ್ನ ತಲೆಗೆ ಇನ್ನೊಂದು ಹೊಳೆಯಿತು. ಮಿಕ್ಕ ಗಂಜಿ ಹಾಳಾಗಬಾರದೆಂದು ಹಳೆಯ ಚಾದರವೊಂದನ್ನು ಕತ್ತರಿಸಿ ಬಾನೆಟ್ಟಿನ ಒಳಮೈಗೂ ಅಂಟಿಸಿಬಿಟ್ಟೆ. ಎಂಜಿನ್ನಿನ ಸದ್ದು ಕಡಿಮೆಯಾಗುತ್ತದೆ ಎಂಬುದು ನನ್ನ ಲೆಕ್ಕ.

ರವಿವಾರ ಹೊರಟೆವು. ಅತ್ತೆ ಮುಂದೆ, ಗಿರಿಜಾ ಹಿಂದೆ. ಕಾರು ನೀರು ಕುಡಿದಷ್ಟು ಸಲೀಸಾಗಿ ಓಡಿತು. ಹುನಗುಂದದ ಹತ್ತಿರ ಬಂದಾಗ ಮಾತ್ರ ಏನೋ ಘಮಘಮ. ಎಂಜಿನ್ ಕಾದು ಗಂಜಿ ಬೇಯುತ್ತಿತ್ತು. ಬಸ್‌ಸ್ಟ್ಯಾಂಡಿನ ಎದುರು ನಿಧಾನ ಮಾಡಿದಾಗ ದಾರಿಬದಿಯಲ್ಲಿ ನಿಂತವನೊಬ್ಬ ಬಗ್ಗಿ ನೋಡಿ, "ಏನ್ರೀ ಸಾಹೇಬ್ರ, ಗಾಡ್ಯಾಗ ಸಂಡಿಗಿ ಸುಡಾಕತ್ತೀರೇನ್ರಿ?" ಎಂದ. ಗಿರಿಜಾ ಕೆಮ್ಮಿದಳು. ಅತ್ತೆ ಮಾಳಿಗೆಯ ಬಟ್ಟೆ ನೋಡುತ್ತ ಕೂತರು. ದಬ್ಬುವ ಮಾತು ಮಾತ್ರ ಎಲ್ಲಿಯೂ ಬರಲಿಲ್ಲ.

ಇಳಕಲ್ಲಿನಲ್ಲಿ ಗೌರವ್ವ ಅಕ್ಕನನ್ನು ನೋಡಿ ಓಡಿ ಬಂದವಳು ಕಾರಿನ ಬಾಗಿಲಿನಿಂದ ತಲೆ ಒಳಗೆ ಹಾಕಿ ಮೇಲೆ ನೋಡಿದಳು. ಬೆರಳಿನಿಂದ ದಡಿ ಸವರಿ, "ಅಕ್ಕಾ, ಇದು ನಿನ್ನ ಕೈಯಾಂದು" ಎಂದಳು. ಇಬ್ಬರೂ ಒಳಗೆ ಬರದೆ ಕಾರಿನಲ್ಲೇ ಕೂತು ಚಹಾ ಕುಡಿದರು. ಇನ್ನು ಬರುವುದು ಆಗುತ್ತದೋ ಇಲ್ಲವೋ ಎಂಬ ಚಿಂತೆ ಅತ್ತೆಯ ಮುಖದಲ್ಲಿತ್ತು. ಹೊರಡುವಾಗ ತಂಗಿಯ ಕೈಯನ್ನು ಬಹಳ ಹೊತ್ತು ಬಿಡಲೇ ಇಲ್ಲ.

ತಿರುಗಿ ಬರುವಾಗ ಅಮೀನಗಡದಲ್ಲಿ ನಿಲ್ಲಿಸಿದೆವು. ಅಮೀನಗಡ ದಾಟುವಾಗ ಅಲ್ಲಿಯ ಹೆಸರಾದ ಸಿಹಿ ಕರದಂಟು ಕೊಳ್ಳದೆ ಬಂದವರನ್ನು ನಮ್ಮ ಕಡೆ ಅನುಮಾನದಿಂದ ನೋಡುತ್ತಾರೆ. ಗಿರಿಜಾ ಒಂದು ಕಿಲೋ ತರುತ್ತೇನೆಂದು ಅಂಗಡಿಯೊಳಗೆ ಹೋದಳು. ಅವಳು ಬರುವಷ್ಟರಲ್ಲಿ ಸಿದ್ಧವಾಗಿರೋಣವೆಂದು ನಾನು ಕೀಲಿ ತಿರುವಿದೆ. ಸದ್ದಿಲ್ಲ. ಮತ್ತೆ ತಿರುವಿದೆ. ದೀಪ ಹತ್ತಿತು, ಹಾರ್ನ್ ಕೂಗಿತು, ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ.

ಅತ್ತೆ ನನ್ನ ಮುಖ ನೋಡಿದರು, ಅಂಗಡಿಯ ಬಾಗಿಲು ನೋಡಿದರು, ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಪಕ್ಕದಲ್ಲಿ ಬಸ್ಸೊಂದು ನಿಂತು ಪ್ರಯಾಣಿಕರು ಚಹಾ ಕುಡಿಯುತ್ತಿದ್ದರು. "ಯಪ್ಪಗೋಳ್ರಾ, ಒಂದೀಟು ಕೈ ಹಚ್ಚರೆಪಾ! ಲಗೂ ಬರ್ರಿ, ಒದರಬ್ಯಾಡ್ರಿ!"

ಕಪ್ಪು ಕೆಳಗಿಟ್ಟು ಏಳೆಂಟು ಮಂದಿ ಬಂದರು. ಒಬ್ಬ ತರುಣ, "ಎವ್ವಾ, ನೀ ಇಳದ್ರ ಹಗರ ಆಕ್ಕೈತಿ" ಎಂದ.

"ನಾ ಇಳದು ಹತ್ತೂದ್ರಾಗ ನನ್ನ ಮಗಳು ಬಂದಬಿಡ್ತಾಳೋ ತಮ್ಮಾ. ಆಕಿ ನೋಡಿದ್ಲಂದ್ರ ಈ ಗಾಡಿ ನಾಳೆ ಗುಜರಿಗೆ. ದಬ್ಬು, ದಬ್ಬು!"

ಬಸ್ಸಿನ ಕಂಡಕ್ಟರ್ ಉತ್ಸಾಹದಿಂದ ಸೀಟಿ ಬಾಯಿಗಿಟ್ಟ. "ಸೀಟಿ ಊದಬ್ಯಾಡೋ ಪುಣ್ಯಾತ್ಮಾ!" ಎಂದು ಅತ್ತೆ ಕೈಮುಗಿದರು. ದುರ್ದೈವವೆಂದರೆ ಇಳಿಜಾರು ಇದ್ದದ್ದು ಅಂಗಡಿಯ ಕಡೆಗೇ. ಕಾರು ಮೆಲ್ಲಗೆ ಅಂಗಡಿಯ ಬಾಗಿಲ ಮುಂದೆಯೇ ಉರುಳಿಕೊಂಡು ಹೋಯಿತು. ನಾನು ಆ ಕಡೆ ನೋಡಲಿಲ್ಲ. ನಾನು ನೋಡದಿದ್ದರೆ ಅವಳಿಗೂ ಕಾಣುವುದಿಲ್ಲವೆಂದು ಆ ಗಳಿಗೆಯಲ್ಲಿ ನನಗೆ ಗಟ್ಟಿಯಾಗಿ ಅನಿಸಿತ್ತು. ಎಂಜಿನ್ ಹತ್ತಿಕೊಂಡಿತು. ಒಂದು ಸುತ್ತು ಹಾಕಿ ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದೆ. ಆಮೇಲೂ ಸ್ವಲ್ಪ ಹೊತ್ತು ಬಿಟ್ಟು ಗಿರಿಜಾ ಎರಡು ಪೊಟ್ಟಣ ಹಿಡಿದು ಬಂದಳು.

"ಎಂಜಿನ್ ಯಾಕ ಚಾಲೂ ಇಟ್ಟೀರಿ?"

"ನೀ ಬರೂದು ಕಾಣ್ತು, ಅದಕ್ಕ" ಎಂದೆ.

ಅಷ್ಟರಲ್ಲಿ ಬಸ್ಸು ನಮ್ಮನ್ನು ದಾಟಿತು. ಕಿಟಕಿಗಳಿಂದೆಲ್ಲ ಕೈ ಬೀಸಿ, "ಎವ್ವಾ, ಬರ್ತೇವಿ!" ಎಂದು ಕೂಗಿದರು. ಗಿರಿಜಾ ತಾಯಿಯ ಕಡೆ ನೋಡಿದಳು. "ಗುರ್ತಿನವರು" ಎಂದರು ಅತ್ತೆ. "ಇಡೀ ಬಸ್ಸು?" ಎಂದು ಕೇಳಿದಳು. "ನಮ್ಮ ಇಳಕಲ್ಲ ಕಡ್ಯಾರವಾ" ಎಂದು ಅತ್ತೆ ಕಣ್ಣು ಮುಚ್ಚಿ ನಿದ್ದೆ ಹೋದರು. ಬಾಗಲಕೋಟೆ ಬರುವ ತನಕ ಕಣ್ಣು ತೆರೆಯಲಿಲ್ಲ.

ಮನೆಗೆ ಬಂದು ಬಾನೆಟ್ ಎತ್ತಿದರೆ ನನ್ನ ಚಾದರದ ಅರ್ಧ ಭಾಗವೇ ಇಲ್ಲ. ಹಿಂದಿನ ರಾತ್ರಿ ಗಂಜಿಯ ಊಟಕ್ಕೆ ಬಂದ ಇಲಿಗಳು ಬಾಯಿ ಬದಲಿಸಲು ಸ್ಟಾರ್ಟರಿನ ವೈರನ್ನೂ ಕಡಿದಿದ್ದವು. ಉಳಿದ ಒಂದೆಳೆಯ ಮೇಲೆ ಇಳಕಲ್ಲಿಗೆ ಹೋಗಿದ್ದೆವು, ಅಮೀನಗಡದಲ್ಲಿ ಅದೂ ಹರಿದಿತ್ತು. ಯಾರಿಗೂ ಹೇಳದೆ ಕಾರಿನ ಅಡಿಗೆ ಸೇರಿ ವೈರ್ ಜೋಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ನನ್ನ ಕಾಲುಗಳ ಪಕ್ಕದಲ್ಲಿ ಕಾಲುಂಗುರ ಹಾಕಿದ ಎರಡು ಕಾಲು ಬಂದು ನಿಂತವು.

"ಏನ್ ಕೆಟ್ಟಿತ್ರಿ?" ಎಂದವು.

"ಏನಿಲ್ಲ. ಹಂಗ ನೋಡಾಕತ್ತೇನಿ" ಎಂದೆ.

"ಒಂದು ಕಿಲೋ ತರ್ತೇನಿ ಅಂದಾಕಿ ಎರಡು ಯಾಕ ತಂದೆ ಅಂತ ನೀವು ಕೇಳಲೇ ಇಲ್ಲ."

ನಾನು ವೈರಿಗೆ ಇನ್ನೊಂದು ಸುತ್ತು ಟೇಪು ಸುತ್ತಿದೆ.

"ಒಂದು ಕಿಲೋ ಕಟ್ಟಿಸಿ ಹೊಳ್ಳಿ ನೋಡಿದ್ರ, ನೀವು ಕುತ್ತಿಗಿ ಆ ಕಡೆ ತಿರುವಿ ಕುಂತಿದ್ರಿ, ಅವ್ವ ಬಸ್ಸಿನ ಮಂದೀನೆಲ್ಲಾ ಹಚ್ಚಿ ಗಾಡಿ ದಬ್ಬಸಾಕತ್ತಿದ್ಲು. ನಾ ಹೊರಗ ಬಂದಿದ್ರ ನನ್ನ ಮಾತು ನಾ ನಡಸಬೇಕಾಗ್ತಿತ್ತು. ಅವ್ವನ ಮಾರಿ ನೋಡಿ ಮನಸಾಗಲಿಲ್ಲ. ಅದಕ್ಕ ಇನ್ನೊಂದು ಕಿಲೋ ಕಟ್ಟಪಾ ಅಂದೆ."

ಕಾಲುಂಗುರದ ಕಾಲುಗಳು ಒಳಗೆ ಹೋದವು. ನಾನು ಅಲ್ಲೇ ಮಲಗಿದ್ದೆ. ನನ್ನ ಹೆಂಡತಿ ಎಷ್ಟು ಒಳ್ಳೆಯವಳು ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು, ಅದೂ ಅವಳ ಕಾಲುಗಳನ್ನಷ್ಟೇ ನೋಡಿ.

ಕಾರು ಉಳಿಯಿತು. ಚಾದರ ಕಿತ್ತೆಸೆದೆ. ಅತ್ತೆಯ ಬಟ್ಟೆಗೆ ಇಲಿ ಬಾಯಿ ಹಾಕದಂತೆ ಮೈಲುತುತ್ತದ ನೀರು ಸವರಿ ಅಲ್ಲೇ ಬಿಟ್ಟೆ. ಈ ಸಲ ಅವರು ಗದರಲಿಲ್ಲ. ಹೊಸ ವೈರು, ಹೊಸ ಬ್ಯಾಟರಿ ಹಾಕಿದೆ. ಮೊನ್ನೆ ಗೌರವ್ವನಿಂದ ಮತ್ತೆ ಕರೆ ಬಂತು. ಅತ್ತೆ ಮುಂದೆ ಕೂತು ಮಣೆ ಎಳೆದುಕೊಂಡರು. ಇನ್ನು ಈ ಕಾರು ಎಲ್ಲಿಯೂ ನಿಲ್ಲುವ ಮಾತೇ ಇಲ್ಲ, ಯಾರ ಕೈಯೂ ತಾಗುವುದಿಲ್ಲ ಎಂದು ನಾನು ಓಣಿಗೆಲ್ಲ ಕೇಳುವಂತೆ ಹೇಳಿ ಕೀಲಿಗೆ ಕೈ ಹಾಕಿದೆ. ಹಿಂದಿನ ಸೀಟಿನಲ್ಲಿ ಗಿರಿಜಾ ಚೀಲ ತೆರೆದು ರೊಕ್ಕದ ಪರ್ಸ್ ತೆಗೆದಳು.

"ಅಮೀನಗಡದಾಗ ಎಷ್ಟು ಕಿಲೋ ತಗೋಬೇಕ್ರಿ? ಈಗಾ ಹೇಳಿಬಿಡ್ರಿ."