ತೊಂಬತ್ತೆಂಟು ಡಿಗ್ರಿಯ ಕಂಪ್ಯೂಟರು

ಭಾಲ್ಕಿಯಲ್ಲಿ ಆ ದಿನ ಎಂಥ ಬಿಸಿಲೆಂದರೆ, ಬೀದಿನಾಯಿಗಳು ಬೊಗಳುವುದನ್ನೂ ಸಂಜೆಗೆ ಮುಂದೂಡಿದ್ದವು. ಅಂಥ ಬಿಸಿಲಲ್ಲಿ ಕೈಲಾಶನ ಕಂಪ್ಯೂಟರು ಮತ್ತೆ ತಾನಾಗಿಯೇ ಆರಿಹೋಯಿತು. ಆಟ ಶುರುವಾದೊಡನೆ ಪ್ರೊಸೆಸರ್‌ನ ತಾಪ ಎಂಬತ್ತು ದಾಟಿ, ತೊಂಬತ್ತು ದಾಟಿ, ತೊಂಬತ್ತೆಂಟಕ್ಕೆ ಹೋಗುತ್ತಿತ್ತು. ಆಮೇಲೆ ಪರದೆ ಕಪ್ಪು.

ಮಧ್ಯಾಹ್ನ ಆನ್‌ಲೈನ್ ಆಟದ ಪಂದ್ಯವಿತ್ತು. ಬೀದರಿನ ಇರ್ಫಾನ ತನ್ನ ತಂಡದಲ್ಲಿ ಅವನಿಗೊಂದು ಜಾಗ ಕೊಟ್ಟಿದ್ದ. ಗೆದ್ದರೆ ರಾಜ್ಯಮಟ್ಟದ ಆಟ, ಇಲ್ಲದಿದ್ದರೆ ಔರಾದಿನ ಬೇಳೆ ಗಿರಣಿಯಲ್ಲಿ ಕೂಲಿ. ಅಪ್ಪ ಕಾಶೀರಾಮ ಆ ಗಿರಣಿಯಲ್ಲೇ ಮೇಸ್ತ್ರಿ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಮಾತಿಗೆ ಮಾತು ಬೆಳೆದು, "ಇವತ್ತೇ ಆಖ್ರಿ. ನಾಳಿ ಆ ಡಬ್ಬಿ ಕಂಡ್ರ ಬಾವ್ಯಾಗ ಒಗಿತೇನಿ, ಅದರ ಬೆನ್ನಿಗೆ ನಿನಗೂ!" ಎಂದು ಬಾಗಿಲು ಬಡಿದು ಹೋಗಿದ್ದ.

ಕೈಲಾಶನ ಮುಖ ನೋಡಿ ಪಕ್ಕದ ಮನೆಯ ಶಿವರಾಜಪ್ಪ ಕಿಟಕಿಗೆ ಬಂದರು. ನಿವೃತ್ತ ಕಂಪೌಂಡರು. ಓಣಿಯಲ್ಲಿ ಯಾರು ಸೀನಿದರೂ ಅವರಿಗೆ ಮೊದಲು ಗೊತ್ತಾಗಬೇಕು.

"ಏನಾಗ್ಯಾದೋ ಕೈಲಾಶ?"

"ತೊಂಬತ್ತೆಂಟು ಡಿಗ್ರಿ ಆಗ್ಯಾದರಿ ಕಾಕಾ."

"ಹುಚ್ಚಪ್ಯಾಲಿ! ತೊಂಬತ್ತೆಂಟು ಅಂದ್ರ ನಾರ್ಮಲ್. ನೂರು ದಾಟಿದ್ರ ಹೇಳು, ಗುಳಿಗಿ ಕೊಡ್ತೇನಿ."

"ನನಗಲ್ರಿ, ಕಂಪ್ಯೂಟರಿಗಿ! ಅದು ಎಂಬತ್ತರ ಒಳಗ ಇರಬೇಕ್ರಿ."

ಕಂಪ್ಯೂಟರಿನ ಜ್ವರ ತಮ್ಮ ಕಕ್ಷೆಯದಲ್ಲವೆಂದು ಶಿವರಾಜಪ್ಪ ಮಲಗಲು ಹೋದರು. ಕೈಲಾಶ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದ, ಧೂಳು ಊದಿದ, ಎದುರಿಗೆ ಟೇಬಲ್ ಫ್ಯಾನು ಇಟ್ಟ. ಫ್ಯಾನು ಹೊರಗಿನ ಬಿಸಿಗಾಳಿಯನ್ನೇ ಎಳೆತಂದು ಒಳಗೆ ಸುರಿಯಿತು. ತಾಯಿ ಗಿರಿಜಾಬಾಯಿ ಮಗನ ಮೇಲಿನ ಮಮತೆಯಿಂದ ಒದ್ದೆ ಟವೆಲ್ಲು ತಂದು ಇನ್ನೇನು ಕಂಪ್ಯೂಟರಿನ ನೆತ್ತಿಯ ಮೇಲೆ ಹಾಕಬೇಕು, ಕೈಲಾಶ ಹಾವು ತುಳಿದವನಂತೆ ಕಿರುಚಿದ.

ಆ ಕಿರುಚಾಟಕ್ಕೆ ಟೆಂಟ್ ಹೌಸಿನ ಗೋರಖನಾಥ ಒಳಗೆ ಬಂದ. ಕತೆ ಕೇಳಿ ನಕ್ಕ.

"ಥಂಡಾ ಬೇಕಲ್ಲ? ಹೆಣ ಇಡೋ ಫ್ರೀಜರ್ ಪೆಟ್ಟಿಗಿ ಅದ ನನ್ನ ಹತ್ರ. ಇವತ್ತು ಖಾಲಿ. ಯಾರೂ ಸತ್ತಿಲ್ಲ, ಧಂದಾ ಮಲಗ್ಯಾದ. ಸಂಜಿತನಕ ಇಟ್ಕೋ."

ಕೈಲಾಶನಿಗೆ ಮೈ ಜುಮ್ಮೆಂದಿತು. ಆದರೆ ಔರಾದಿನ ಗಿರಣಿ ಕಣ್ಣಮುಂದೆ ಬಂತು. ಒಪ್ಪಿದ.

ನಾಲ್ಕು ಜನ ಹೆಗಲು ಕೊಟ್ಟು ಗಾಜಿನ ಮುಚ್ಚಳದ ಆ ಉದ್ದನೆಯ ಪೆಟ್ಟಿಗೆಯನ್ನು ಒಳಗೆ ತಂದರು. ಕೈಲಾಶ ಕಂಪ್ಯೂಟರನ್ನು ಅದರೊಳಗೆ ಮಲಗಿಸಿ, ವೈರುಗಳನ್ನು ಮುಚ್ಚಳದ ಸಂದಿನಿಂದ ಹೊರಗೆಳೆದ. ನೆಟ್ಟಿಗಾಗಿ ತನ್ನ ಫೋನು, ಅವ್ವನ ಫೋನು ಎರಡನ್ನೂ ಜೋಡಿಸಿ, ನಡುವೆ ಕರೆ ಬಾರದಂತೆ ಮಾಡಿದ. ಕಿವಿಗೆ ಹೆಡ್‌ಫೋನು ಏರಿಸಿದ. ತಾಪ ಇಳಿಯುತ್ತ ಅರವತ್ತೊಂದಕ್ಕೆ ಬಂದು ನಿಂತಿತು. ಅವನಿಗೆ ಅಳುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ನಿದ್ದೆಯಿಂದೆದ್ದ ಶಿವರಾಜಪ್ಪನವರು, ಆ ಪೆಟ್ಟಿಗೆ ಒಳಗೆ ಹೋದುದನ್ನು ಕಿಟಕಿಯಿಂದ ನೋಡಿಬಿಟ್ಟಿದ್ದರು. ಗಿರಿಜಾಬಾಯಿಗೆ ಫೋನು ಹಚ್ಚಿದರು. ಹತ್ತಲಿಲ್ಲ. ಸಾವಿನ ಮನೆಯಲ್ಲಿ ಫೋನು ಯಾರು ಎತ್ತುತ್ತಾರೆ? ಕಣ್ಣೊರೆಸಿಕೊಂಡು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದರು: "ಕಾಶೀರಾಮನ ಮನಿಗಿ ಪೆಟ್ಟಿಗಿ ಬಂದಾದ. ಬಿಸಿಲು ಬಡದದಂತ. ಲಗೂ ಬರ್ರಿ." ಯಾರು ಸತ್ತರೆಂದು ಬರೆಯಲು ಅವರಿಗೇ ಗೊತ್ತಿರಲಿಲ್ಲ.

ಮೊದಲು ಬಂದವಳು ಕಾಶೀರಾಮನ ತಂಗಿ ಮಹಾಮಾಯಾ. ಠಾಣಾ ಕುಶನೂರಿನಿಂದ ಬಿಳಿ ಸೀರೆಯುಟ್ಟು, ಸಿಕ್ಕ ಜೀಪು ಹತ್ತಿ ಬಂದಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಗಿರಿಜಾಬಾಯಿಯ ಕೊರಳಿಗೆ ಬಿದ್ದು, "ವೈನಿ, ಹ್ಯಾಂಗಾಯ್ತ ವೈನಿ!" ಎಂದು ಬೋರಾಡಿ ಅತ್ತಳು. ನಾದಿನಿಯ ಬಿಳಿ ಸೀರೆ ನೋಡಿ, ಅವಳ ಮನೆಯಲ್ಲೇ ಯಾರೋ ತೀರಿಕೊಂಡಿದ್ದಾರೆಂದು ತಿಳಿದ ಗಿರಿಜಾಬಾಯಿಯೂ, "ಅಯ್ಯೋ ನನ್ನವ್ವಾ, ಹಿಂಗಾಗಬಾರದಿತ್ತ!" ಎಂದು ಎದೆ ಬಡಿದುಕೊಂಡಳು. ಇಬ್ಬರ ಅಳು ಕೇಳಿ ಓಣಿಗೆ ಓಣಿಯೇ ಒಳಗೆ ನುಗ್ಗಿತು.

ಕೋಣೆಯ ಬಾಗಿಲು ತಳ್ಳಿದರೆ, ಕೈಲಾಶ ಪೆಟ್ಟಿಗೆಯ ಪಕ್ಕ ಕೂತು ಕೂಗುತ್ತಿದ್ದ: "ಸತ್ತ, ಸತ್ತ! ಇನ್ನೊಬ್ಬ ಉಳದಾನ, ಅವನಿಗೂ ಹೊಡಿ!" ಅಭ್ಯಾಸದ ಆಟ ನಡೆದಿತ್ತು.

"ದುಃಖಕ್ಕ ಹುಡುಗನ ತಲಿ ಕೆಟ್ಟದ," ಎಂದರು ಶಿವರಾಜಪ್ಪ.

ಮಹಾಮಾಯಾ ಗಾಜಿನ ಮೇಲೆ ಬಿದ್ದಳು. ಒಳಗೆ ಅಣ್ಣನಿರಲಿಲ್ಲ. ಕೆಂಪು ನೀಲಿ ದೀಪ ಮಿನುಗಿಸುತ್ತ ಒಂದು ಡಬ್ಬಿ ಮಲಗಿತ್ತು.

ಕೈಲಾಶನಿಗೆ ಇದಾವುದರ ಕಡೆಗೂ ಲಕ್ಷ್ಯವಿರಲಿಲ್ಲ. ಪಂದ್ಯದ ಸಮಯವಾಗಿತ್ತು, ಆದರೆ ತಂಡದ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಇರ್ಫಾನನಿಗೆ ಫೋನು ಮಾಡಿದ.

"ಭಾಯಿ, ನೀ ಹಿಮ್ಮತ್ ಬಿಡಬ್ಯಾಡ," ಎಂದ ಇರ್ಫಾನ. "ವಾಟ್ಸಾಪಿನ್ಯಾಗ ಸುದ್ದಿ ಬಂತು. ಸಾವಿನ ಮನ್ಯಾಗ ಕೂತು ಆಡು ಅಂತ ನಾ ಹ್ಯಾಂಗ ಅನಲಿ? ನಿನ್ನ ಜಾಗದಾಗ ಅವಿನಾಶನ ಹೆಸರು ಹಾಕೀನಿ."

"ಯಾರೂ ಸತ್ತಿಲ್ಲೋ! ಹೆಸರು ತಿರುಗಿ ಹಾಕು!"

"ಈಗ ಆಗಂಗಿಲ್ಲ. ಪಂದ್ಯ ಶುರು ಆತು."

ಆಗಲೇ ಜನರನ್ನು ಸೀಳಿಕೊಂಡು ಕಾಶೀರಾಮ ಬಂದ. ಕೂದಲು ಕೆದರಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ಮನೆಗೆ ಪೆಟ್ಟಿಗೆ ಬಂತೆಂಬ ಸುದ್ದಿಯಷ್ಟೇ ಗಿರಣಿಗೂ ಮುಟ್ಟಿತ್ತು. ಬೆಳಗಿನ ಮಾತಿಗೆ ನೊಂದು ಮಗ ಏನೋ ಮಾಡಿಕೊಂಡನೆಂದೇ ಅವನು ದಾರಿಯುದ್ದಕ್ಕೂ ನಂಬಿದ್ದ. ಮಹಾಮಾಯಾ ಅಣ್ಣನನ್ನು ಕಂಡು ಕಿಟಾರನೆ ಕಿರುಚಿದಳು. ಅವನು ಅತ್ತ ನೋಡಲೂ ಇಲ್ಲ. ಮಗನನ್ನು ತಬ್ಬಿ, ಎಂದೂ ಅಳದ ಮನುಷ್ಯ ಗೊಳೋ ಎಂದು ಅತ್ತ.

"ಆಡಪ್ಪಾ, ಬೇಕಾದಷ್ಟು ಆಡು. ಆಡಬ್ಯಾಡ ಅಂತ ಜಲ್ಮದಾಗ ಅನ್ನಂಗಿಲ್ಲ ನಾ. ನಿನ್ನಾಣಿ."

ಹೋದ ಪಂದ್ಯ ಹೋಯಿತು. ಅಪ್ಪ ಸಿಕ್ಕ, ಕಂಪ್ಯೂಟರು ಉಂಟು, ಮುಂದೆ ಎಷ್ಟೋ ಪಂದ್ಯಗಳಿವೆ ಎಂದುಕೊಂಡ ಕೈಲಾಶ.

ಅಷ್ಟರಲ್ಲಿ ಗೋರಖನಾಥ ಓಡಿ ಬಂದ. "ಲಗೂ ಖಾಲಿ ಮಾಡ್ರಿ! ಸಾಯಗಾಂವದಾಗ ಖರೇನೇ ಒಬ್ಬರು ಹೋಗ್ಯಾರ!"

ಎಲ್ಲರೂ ಕೈಹಾಕಿ ಕಂಪ್ಯೂಟರನ್ನು ಎತ್ತಿ ಹೊರಗಿಟ್ಟರು. ಅಷ್ಟು ಜನರ ಉಸಿರು, ಬೆವರು, ಕಣ್ಣೀರು ತುಂಬಿದ್ದ ಕೋಣೆಯಲ್ಲಿ ಆ ತಣ್ಣನೆಯ ಲೋಹ ಒಳಗೂ ಹೊರಗೂ ಹನಿಹನಿಯಾಗಿ ಬೆವರತೊಡಗಿತು. ಕೈಲಾಶ ಅದನ್ನು ಗಮನಿಸುವ ಮೊದಲೇ ಕಾಶೀರಾಮ ಪ್ರೀತಿಯಿಂದ ಪ್ಲಗ್ಗು ಸಿಕ್ಕಿಸಿ, "ಆಡು ಮಗನ," ಎಂದು ತಾನೇ ಗುಂಡಿ ಒತ್ತಿದ.

ಟಪ್ ಎಂದಿತು. ಸುಟ್ಟ ವಾಸನೆ ಬಂತು.

"ಏನಾತೋ?"

"ಸತ್ತಿತಪ್ಪಾ."

ಬಂದ ಜನ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಹೊರಟರು. ಕಾಶೀರಾಮ ಆಣೆಗೆ ತಪ್ಪಲಿಲ್ಲ. ಆಡಬೇಡ ಎಂದು ಒಂದು ಸಲವೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಔರಾದಿನ ಬಸ್ಸಿನಲ್ಲಿ ಸುಮ್ಮನೆ ಮಗನಿಗೂ ಒಂದು ಟಿಕೆಟ್ ತೆಗೆಸಿದ.