ಗಾಳಿ ಬಂದೂಕು ಮತ್ತು ಗುರಿ ತಪ್ಪಿಸುವ ವಿದ್ಯೆ

ನಲವತ್ತು ದಾಟಿದ ಗಂಡಸಿಗೆ ವೇದಾಂತ, ಹೋಮಿಯೋಪತಿ ಅಥವಾ ಬಂದೂಕು, ಈ ಮೂರರಲ್ಲಿ ಒಂದರ ಹುಚ್ಚು ಹಿಡಿಯುವುದು ತಪ್ಪಿದ್ದಲ್ಲ. ಮೊದಲೆರಡರಿಂದ ನೆರೆಹೊರೆಯವರಿಗೆ ಹಾನಿ ಹೆಚ್ಚೆಂದು ಯೋಚಿಸಿ ನಾನು ಮೂರನೆಯದನ್ನು ಆರಿಸಿಕೊಂಡೆ. ಅದೂ ಮದ್ದಿನ ಬಂದೂಕಲ್ಲ; ನಳಿಗೆಯನ್ನು ಬುಡದಲ್ಲಿ ಬಗ್ಗಿಸಿ, ಜೋಳದ ಕಾಳಿನಷ್ಟು ಸೀಸದ ಗುಂಡು ತುರುಕಿ, ಗಾಳಿಯ ಒತ್ತಡದಿಂದ ಹಾರಿಸುವಂಥದು. ಯುದ್ಧ ಮುಗಿದು, ಬಳ್ಳಾರಿ ಕಂಟೋನ್ಮೆಂಟಿನ ದೊರೆಗಳು ಒಬ್ಬೊಬ್ಬರಾಗಿ ಸಾಮಾನು ಮಾರಿ ಹಡಗು ಹತ್ತುತ್ತಿದ್ದ ಕಾಲ. ಅಂಥ ಒಬ್ಬ ಪುಣ್ಯಾತ್ಮನ ಮುರುಕು ಕುರ್ಚಿಗಳ ಜೊತೆ ಅದೂ ನಮ್ಮ ಸತ್ಯನಾರಾಯಣಪೇಟೆಯ ಮನೆಗೆ ಬಂತು. ನನ್ನ ಹೆಂಡತಿ ಅದನ್ನು ಮೇಲಿಂದ ಕೆಳಗೆ ನೋಡಿ, “ಸಾಲಿ ಮಾಸ್ತರಿಗೆ ಬೆತ್ತ ಸಾಲದಾತೇನು?” ಎಂದಳು. ವಿದ್ಯಾರಂಭಕ್ಕೆ ಇಂಥ ಆಶೀರ್ವಾದ ಎಲ್ಲರಿಗೂ ಸಿಗುವುದಿಲ್ಲ.

ಹೊಸದಾಗಿ ಈ ವಿದ್ಯೆಗೆ ಕೈಹಾಕುವವರು ನೆನಪಿಡಬೇಕಾದದ್ದು: ಬಂದೂಕಿನಲ್ಲಿ ಗುಂಡಿಲ್ಲವೆಂದು ಎಷ್ಟೇ ಖಾತ್ರಿಯಿದ್ದರೂ ಇದೆಯೆಂದೇ ತಿಳಿದು ನಡೆದುಕೊಳ್ಳಬೇಕು. ಗುರಿಯ ಹಿಂದೆ ಏನಿದೆಯೆಂಬುದನ್ನು ಗುರಿಗಿಂತ ಮೊದಲು ನೋಡಿಕೊಳ್ಳಬೇಕು. ನನ್ನಂಥವರ ಗುಂಡು ಹೋಗಿ ಮುಟ್ಟುವುದು ಅಲ್ಲಿಗೇ. ಈ ಸೂತ್ರಕ್ಕೆ ಒಂದು ತಿದ್ದುಪಡಿ ಅಗತ್ಯವೆಂದು ನನಗೆ ತಿಳಿದದ್ದು ಕುರುಗೋಡಿನಲ್ಲಿ. ಗುರಿಯ ಒಳಗೆ ಯಾರಿದ್ದಾರೆ ಎಂಬುದನ್ನೂ ನೋಡಿಕೊಳ್ಳಬೇಕು.

ಕುರುಗೋಡು ನನ್ನ ಹೆಂಡತಿಯ ಸೋದರತ್ತೆ ನೀಲಮ್ಮನವರ ಊರು. ಅವರ ಗಂಡ ಯುದ್ಧಕಾಲದಲ್ಲಿ ದಂಡಿನ ಲಾರಿ ನಡೆಸಲು ಬರ್ಮಾ ಕಡೆಗೆ ಹೋದವರು. ಬರ್ಮಾ ಬ್ರಿಟಿಷರ ಕೈಗೆ ಮರಳಿ ಬಂತು, ಅವರು ಮನೆಗೆ ಬರಲಿಲ್ಲ. ಸತ್ತರೆಂಬ ಸುದ್ದಿಯೂ ಬರಲಿಲ್ಲ. ನೀಲಮ್ಮ ಕುಂಕುಮ ಅಳಿಸಲಿಲ್ಲ. ಗುಡ್ಡದ ಬುಡದಲ್ಲಿ ಅವರ ಜೋಳದ ಹೊಲ. ಅದರ ನಡುವೆ ಸುಣ್ಣ ಬಳಿದ ಗಡಿಗೆಗೆ ಕಣ್ಣು, ಮೀಸೆ ಬರೆದು ನಿಲ್ಲಿಸಿದ ಬೆದರುಬೊಂಬೆ. ಆ ಮನೆತನದಲ್ಲಿ ಬೊಂಬೆಗೆ ಕಂಡಕಂಡವರ ಬಟ್ಟೆ ಹಾಕುವಂತಿಲ್ಲ. ಯಜಮಾನನ ಬೆವರು ಕುಡಿದ ಅಂಗಿಯೇ ಆಗಬೇಕು, ಹಕ್ಕಿಗಳಿಗೆ ಒಡೆಯನ ಗುರುತು ಸಿಗಬೇಕು. ಹೀಗಾಗಿ ಅಲ್ಲಿ ನಿಂತದ್ದು ಅವರ ಅಂಗಿ, ಅವರ ರುಮಾಲು.

ಸಾಲೆಯ ರಜೆಯಲ್ಲಿ ಹೆಂಡತಿಯೊಡನೆ ಅಲ್ಲಿಗೆ ಹೋದಾಗ ನಾನು ಆ ಹೊಲದ ಬದುವಿನ ಮೇಲೆ ತೆಂಗಿನ ಚಿಪ್ಪಿಟ್ಟು ಅಭ್ಯಾಸ ಮಾಡುತ್ತಿದ್ದೆ. ಮಟಮಟ ಮಧ್ಯಾಹ್ನ. ಗುಡ್ಡದ ಬಂಡೆಗಳು ಕಾದು ಒಂದು ಬಗೆಯ ಮೌನವನ್ನು ಕುದಿಸುತ್ತಿದ್ದವು. ಗುಂಡು ತುಂಬಲು ತಲೆ ತಗ್ಗಿಸಿದಾಗ ಬೊಂಬೆ ಗುಡ್ಡದ ಕಡೆ ನೋಡುತ್ತಿತ್ತು. ತಲೆಯೆತ್ತಿದಾಗ ನನ್ನ ಕಡೆ. ಒಂದೆಲೆಯೂ ಅಲುಗುತ್ತಿರಲಿಲ್ಲ. ಕಂಬ ಸಡಿಲವಿರಬೇಕೆಂದು ವೈಜ್ಞಾನಿಕವಾಗಿ ತೀರ್ಮಾನಿಸಿ, ನಾನು ಸ್ವಲ್ಪ ದೂರ ಸರಿದು ಕೂತೆ. ನೀಲಮ್ಮ ಮಜ್ಜಿಗೆ ತಂದರು. ಒಂದು ಚೊಂಬು ನನಗೆ. ಇನ್ನೊಂದನ್ನು ಸೆರಗು ತಲೆಗೆಳೆದುಕೊಂಡು ಬೊಂಬೆಯ ಮುಂದಿಟ್ಟರು. “ಅವ್ರಿಗೆ ಬಿಸಿಲು ಆಗಿಬರಂಗಿಲ್ಲ” ಎಂದರು. ಆಮೇಲೆ ನನ್ನ ಬಂದೂಕು ನೋಡಿ, “ಅಳಿಯಪ್ಪ, ಇದನ್ನ ಹೊಡಿಯಾಕ ಹತ್ತಿದಾಗಿಂದ ನೋಡ್ತೀನಿ. ಬದುವಿನ ಮ್ಯಾಲಿನ ಕಾಗಿ ಸೈತ ಏಳವಲ್ದು” ಎಂದು ನಕ್ಕರು.

ಆ ಸಂಜೆ ನೀಲಮ್ಮನ ಮೈದುನ ಬಸಪ್ಪ ಊರ ಹಿರಿಯರೊಬ್ಬರನ್ನು ಕರೆತಂದು ಜಗಲಿಯ ಮೇಲೆ ಕೂಡಿಸಿದ. ಬಸಪ್ಪನ ಮಗಳಿಗೆ ಸಿರುಗುಪ್ಪದ ಗಂಡು ಗೊತ್ತಾಗಿತ್ತು. “ಬೀಗರು ಒಂದ ಮಾತು ಹಿಡದಾರ್ರಿ ಮಾಸ್ತರ. ‘ನಿಮ್ಮಣ್ಣ ಇದ್ದಾನ ಅನ್ರಿ, ಇಲ್ಲಾ ಸತ್ತಾನ ಅಂತ ದಿನ ಮಾಡಿ ಮುಗಸ್ರಿ. ನಡುವ ನೇತಾಡೋ ಮನ್ಯಾಗಿಂದ ಹೆಣ್ಣು ತರಂಗಿಲ್ಲ’ ಅಂತಾರ. ದೇವರ ಹತ್ರ ಹೂವ ಕೇಳಿದ್ವಿ. ಬಲಕ್ಕೂ ಬೀಳ್ಲಿಲ್ಲ, ಎಡಕ್ಕೂ ಬೀಳ್ಲಿಲ್ಲ. ಅಂಟಿಕ್ಯಂಡು ಕುಂತುಬಿಡ್ತು!” ಎಂದ ಬಸಪ್ಪ.

ಹಿರಿಯರ ಕಣ್ಣು ಮೂಲೆಯಲ್ಲಿ ಒರಗಿಸಿದ್ದ ಬಂದೂಕಿನ ಮೇಲೆ ಬಿತ್ತು. “ಇದು ಪರದೇಶದ್ದು. ಇದಕ್ಕ ನಮ್ಮವರು ತಮ್ಮವರು ಅನ್ನೋದಿಲ್ಲ. ನಾಳಿ ಆ ಬೊಂಬಿಗೆ ಒಂದ ಗುಂಡು. ಗಡಿಗಿ ಒಡದ್ರ ಹೋದ, ಒಡೀದಿದ್ರ ಅದಾನ” ಎಂದರು. ನಾನು ವಿಜ್ಞಾನ, ವಿವೇಕ, ಇಪ್ಪತ್ತನೆಯ ಶತಮಾನ ಮುಂತಾದವುಗಳ ಬಗ್ಗೆ ಮಾತನಾಡಲು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ನೀಲಮ್ಮ, “ಅಳಿಯಪ್ಪ ಹೊಡಿಯೋದಾದ್ರ ನಾ ಒಪ್ಪೀನಿ” ಎಂದುಬಿಟ್ಟರು. ಈ ವಿಶ್ವಾಸಕ್ಕೆ ನನ್ನೆದೆ ತುಂಬಿ ಬಂತು. ಹೆಂಡತಿ ನನ್ನ ಕಿವಿಯಲ್ಲಿ, “ಹಿಗ್ಗಬ್ಯಾಡ್ರಿ. ನೀವು ತಪ್ಪೇ ತಪ್ತೀರಿ ಅಂತ ಒಪ್ಯಾಳ” ಎಂದಳು.

ಮರುದಿನ ಮಧ್ಯಾಹ್ನ ಬದುವಿನ ಮೇಲೆ ಎಲ್ಲರೂ ನಿಂತರು. ಹೊಸಬರೇ, ಹಿಡಿಯನ್ನು ಭುಜಕ್ಕೊತ್ತಿ, ಕೆನ್ನೆಯನ್ನು ಮರಕ್ಕೆ ತಾಗಿಸಿ, ಅರ್ಧ ಉಸಿರು ಬಿಟ್ಟು ಉಳಿದದ್ದನ್ನು ಹಿಡಿದು, ಬಂದೂಕಿನ ಕುದುರೆಯನ್ನು ಎಳೆಯದೆ ಮೆಲ್ಲಗೆ ಹಿಂಡಬೇಕೆಂಬುದು ಶಾಸ್ತ್ರ. ಆದರೆ ಬೇಕೆಂದೇ ತಪ್ಪಿಸುವುದು ಹೇಗೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಗಡಿಗೆಗೆ ಗುರಿಯಿಟ್ಟರೆ ಗುಂಡು ತಪ್ಪುವುದು ನಿಶ್ಚಯ. ಆದರೆ ವಿಧಿ ಇಂದೇ ನನ್ನನ್ನು ಬೇಟೆಗಾರನನ್ನಾಗಿ ಮಾಡಿದರೆ? ಬೇರೆ ಕಡೆ ಗುರಿಯಿಟ್ಟರೆ, ಗುರಿಯಿಟ್ಟಲ್ಲಿಗೆ ಹೋಗದಿರುವುದೇ ನನ್ನ ಗುಂಡಿನ ಸ್ವಭಾವ. ಅದು ಗಡಿಗೆಯನ್ನೇ ಹುಡುಕಿಕೊಂಡು ಹೋದರೆ? ನೀಲಮ್ಮ ಹಣೆಗೆ ಅಂಗೈ ಒತ್ತಿಕೊಂಡು ನಿಂತಿದ್ದರು, ಯಾರೋ ಕುಂಕುಮ ಒರೆಸಲು ಬರುತ್ತಾರೆಂಬಂತೆ.

ಎಡಗಡೆಯ ಬಂಡೆಗೆ ಗುರಿಯಿಟ್ಟೆ. ಉಸಿರು ಹಿಡಿದೆ. ಕಾಗೆಗಳು ಸುಮ್ಮನಾದವು. ನಮಗೆ ಬೆನ್ನು ಮಾಡಿದ್ದ ಬೊಂಬೆ, ಗಾಳಿಯಿಲ್ಲದ ಆ ಬಿಸಿಲಿನಲ್ಲಿ, ಕರೆದರೆ ಓಗೊಡುವವರ ಹಾಗೆ ನಿಧಾನವಾಗಿ ತಿರುಗಿತು. ನನ್ನ ಬೆರಳು ತಾನೇ ಹಿಂಡಿತು. ಬೊಂಬೆಯ ಜೋಲು ತೋಳು ಎದ್ದು, ಬಿತ್ತು. ಆ ತೋಳಿನ ನಡುವೆ ಜೋಳದ ಕಾಳಿನಷ್ಟು ಬಿಸಿಲು ತೂರಿ ಬಂದದ್ದನ್ನು ನಾನು ಕಂಡೆ.

“ತೋಳಿಗಿ ಬಿದ್ದೈತಿ” ಎಂದರು ಹಿರಿಯರು. “ಗಡಿಗಿ ಗಟ್ಟಿ ಐತಿ. ಅದಾನ!”

ನೀಲಮ್ಮ ಜೋಳದ ಸಾಲು ಸೀಳಿಕೊಂಡು ಓಡಿದರು. ಸೆರಗಿನ ಅಂಚು ಹರಿದು ಆ ತೋಳಿಗೆ ಕಟ್ಟಿದರು. “ನೋವಾತೇನ್ರೀ?” ಎಂದು ಕೇಳಿದರು. ಇಂಗ್ಲಿಷು ಓದಿದ ನಾನೂ ಸೇರಿ ಬದುವಿನ ಮೇಲಿದ್ದ ಅಷ್ಟೂ ಜನ ಉತ್ತರಕ್ಕಾಗಿ ಕಾದೆವು.

ಸಿರುಗುಪ್ಪದವರು ಒಪ್ಪಿದರು, ಮದುವೆ ನಿಶ್ಚಯವಾಯಿತು. ಮದುವೆಗೆಂದು ಹೋದಾಗ ನೀಲಮ್ಮ ನಮ್ಮಿಬ್ಬರನ್ನೂ ಹೊಲಕ್ಕೆ ಕರೆದೊಯ್ದರು. ದಿನಾ ಆ ತೋಳಿಗೆ ಅರಿಶಿನ ಹಚ್ಚುತ್ತಿದ್ದರಂತೆ. ಅವರ ಹಣೆಯ ಕುಂಕುಮ ಮೊದಲಿಗಿಂತ ದೊಡ್ಡದಾಗಿತ್ತು. “ಗಾಯ ಮಾಗೈತಿ, ನೋಡು ಬಾ ಅಳಿಯಪ್ಪ” ಎಂದು ಕಟ್ಟು ಬಿಚ್ಚಿದರು. ನಾನು ಆ ತೋಳನ್ನು ಬೆಳಕಿಗೆ ಹಿಡಿದೆ, ಬೆರಳಾಡಿಸಿದೆ, ಒಳಗಿಂದ ತಿರುವಿ ಹಾಕಿದೆ. ತೂತಿಲ್ಲ. ಹೊಲಿಗೆಯಿಲ್ಲ, ತೇಪೆಯಿಲ್ಲ. ಅರಿಶಿನದ ಕಲೆ ಮಾತ್ರ. ಬಟ್ಟೆ ಮುಟ್ಟಿದರೆ ಮೈಯಂತೆ ಬೆಚ್ಚಗಿತ್ತು. ಬಿಸಿಲಿಗಿರಬೇಕು.

ದಾರಿಯಲ್ಲಿ ಹೆಂಡತಿ, “ಮಾಗೋದೇನು ಬಂತು? ಗುಂಡು ಬಿದ್ದಿದ್ರ ತಾನೇ ತೂತು!” ಎಂದಳು.

ನಾನು ದೆವ್ವಪಿಶಾಚಿಗಳನ್ನು ನಂಬುವವನಲ್ಲ. ತರಗತಿಯಲ್ಲಿ ಹುಡುಗರಿಗೂ ಹಾಗೆಯೇ ಬೋಧಿಸುತ್ತೇನೆ. ಆದರೆ ಹೊಸದಾಗಿ ಬಂದೂಕು ಹಿಡಿಯುವವರು ಯಾರಾದರೂ ಈ ವಿಷಯ ಕೇಳಿದರೆ, ತೋಳು ಮಾಗಿತೆಂದೇ ಪ್ರಮಾಣ ಮಾಡಿ ಹೇಳುತ್ತೇನೆ. ನನ್ನ ಜನ್ಮದಲ್ಲಿ ಗುಂಡು ತಾಗಿದ್ದು ಅದೊಂದೇ.