ನಾದಿನಿಯ ಹಾಡು, ನನ್ನ ಎಲಿಮಿನೇಟರು

ನೆಟ್ಟಗೆ ನಡೆಯುತ್ತಿರುವ ಯಂತ್ರವನ್ನು ಅದರ ಪಾಡಿಗೆ ಬಿಡುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಸೈಕಲ್ಲಿನ ಗಂಟೆಯಿಂದ ಹಿಡಿದು ಸ್ಟೋವಿನ ಪಂಪಿನವರೆಗೆ ನಾನು ಸುಧಾರಿಸಲು ಹೋದದ್ದೆಲ್ಲ ಅಟ್ಟ ಸೇರಿದೆ. ಹೆಂಡತಿ ಇದಕ್ಕೆ ಒಗ್ಗಿದ್ದಾಳೆ. ಆದರೆ ಎಂಬತ್ತರ ದಶಕದ ಮೊದಲಿಗೆ ಮಾನ್ವಿಯ ಮಾವನ ಮನೆಯಲ್ಲಿ ನಾನು ಮಾಡಿದ್ದನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ಆಗ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಾದಿನಿ ಪದ್ಮಾ ರೇಡಿಯೋ ಕೇಂದ್ರಕ್ಕೆ ಹೋಗಿ ದಾಸರ ಪದವೊಂದನ್ನು ಹಾಡಿ ಬಂದಿದ್ದಳು. ಅದು ಪ್ರಸಾರವಾಗುವ ಸಂಜೆ, ನಾನು ಶಾಲೆಯಲ್ಲೆಲ್ಲ ಡಂಗುರ ಸಾರಿ ಮಾನ್ವಿಯ ಬಸ್ಸು ಹತ್ತಿದೆ. ಅಂಗಳದಲ್ಲಿ ಜಮಖಾನೆ ಹಾಸಿತ್ತು. ಓಣಿಯ ಮಂದಿಯೆಲ್ಲ ಬಂದು ಕೂತಿದ್ದರು. ಕಟ್ಟೆಯ ಮೇಲೆ ಮಾವನವರ ಟ್ರಾನ್ಸಿಸ್ಟರ್. ಸೆಲ್ಲು ಹಳತಾಗಿ ಅದರ ಧ್ವನಿ ಕ್ಷೀಣಿಸಿತ್ತು, ಆದರೂ ಕೇಳುತ್ತಿತ್ತು. ನನ್ನ ಚೀಲದಲ್ಲೋ, ರಾಯಚೂರಿನಲ್ಲಿ ಕೊಂಡ ಎಲಿಮಿನೇಟರ್ ಎಂಬ ಡಬ್ಬಿ. ಸೆಲ್ಲಿಲ್ಲದೆ ಮನೆಯ ಕರೆಂಟಿನಿಂದಲೇ ರೇಡಿಯೋ ನುಡಿಸುವಂಥದ್ದು.

"ಕೇಳಸ್ತದಲ್ರೀ, ಇರ್ಲಿ ಬಿಡ್ರಿ," ಎಂದರು ಮಾವ.

"ಹಿಂದ ಕೂತವರಿಗೂ ಕೇಳಬೇಕಲ್ರೀ," ಎಂದು ನಾನು ಸೆಲ್ಲು ಕಿತ್ತು ತಂತಿ ಜೋಡಿಸಿದೆ. ಧನ ಯಾವುದು, ಋಣ ಯಾವುದು ಎಂದು ವರ್ಷವಿಡೀ ಮಕ್ಕಳಿಗೆ ಬಾಯಿಪಾಠ ಮಾಡಿಸುವವನು ನಾನು. ಅಷ್ಟು ಜನ ಬೆರಗಿನಿಂದ ನೋಡುತ್ತಿದ್ದಾಗ ನಾನೂ ತಂತಿಯನ್ನು ನೋಡದೆ ಅವರನ್ನೇ ನೋಡಿದೆ. ಧನದ ತಂತಿ ಋಣಕ್ಕೆ ಸೇರಿತ್ತು; ಸ್ವಿಚ್ಚು ಒತ್ತಿದ ಕೂಡಲೇ ರೇಡಿಯೋ ಚಟ್ಟೆಂದಿತು.

"ಭಾವ, ಹೊಗಿ ಬರಾಕತ್ತದ!" ಎಂದು ಪದ್ಮಾ ಚೀರಿದಳು.

ಓಣಿಯ ತುದಿಯ ದರ್ಜಿ ಅಂಗಡಿಯಲ್ಲಿ ಇನ್ನೊಂದು ರೇಡಿಯೋ ಇತ್ತು. ಎಲ್ಲರೂ ಅಲ್ಲಿಗೆ ಓಡಿದೆವು. ಅತ್ತೆಯವರು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಏದುಸಿರು ಬಿಡುತ್ತ ತಲುಪಿದಾಗ ಕೇಳಿಸಿದ್ದು ಇಷ್ಟೇ: "ಇದುವರೆಗೆ ಹಾಡಿದವರು ಕುಮಾರಿ ಪದ್ಮಾ." ಆಮೇಲೆ ಶೇಂಗಾ ಬೆಳೆಗೆ ಬರುವ ಹುಳದ ಮಾತು ಶುರುವಾಯಿತು.

"ಹೆಸರರೆ ಬಂತಲ್ಲವಾ," ಎಂದು ಅತ್ತೆ ಮಗಳ ತಲೆ ಸವರಿದರು. ಪದ್ಮಾ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಸುಮ್ಮನೆ ಕೇಳಿದಳು: "ಭಾವ, ರೇಡಿಯೋದಾಗ ನನ್ನ ಧ್ವನಿ ಹ್ಯಾಂಗ ಕೇಳಿಸಿರಬೇಕು?" ನಾನು ದರ್ಜಿಯ ಮಷೀನನ್ನೇ ನೋಡುತ್ತ ನಿಂತೆ. ರಾತ್ರಿ ಊಟಕ್ಕೆ ಕೂತೆವು. "ನಾಚಬ್ಯಾಡ್ರಿ, ಇನ್ನೊಂದು ಹಾಕಿಸ್ಕೋರಿ," ಎಂದು ಅತ್ತೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಬೈದಿದ್ದರೆ ಆ ಹೋಳಿಗೆ ಸಲೀಸಾಗಿ ಇಳಿಯುತ್ತಿತ್ತೇನೋ.

ಮರುದಿನ ಶಾಲೆಯ ಬಾಗಿಲಲ್ಲೇ ಹೆಡ್‌ಮಾಸ್ತರು ಹಿಡಿದುಕೊಂಡರು. "ಏನ್ ಹಾಡ್ಯಾರ್ರೀ ನಿಮ್ಮ ನಾದಿನಿ! ನಮ್ಮ ಮನಿಯಾಗ ಎಲ್ಲಾರೂ ಕಣ್ಣೀರು ಹಾಕಿದ್ರು. ಮಾನ್ವ್ಯಾಗ ಮಂದಿ ಏನಂದ್ರು?"

ಆ ಹಾಡು ಕೇಳದೆ ಉಳಿದ ಮನೆಯೆಂದರೆ ಹಾಡಿದವಳದೇ ಎಂದು ಹೇಳಲು ಬಾಯಿ ಬರಲಿಲ್ಲ.

"ಏನ್ ಹೇಳ್ಲಿ ಸರ್," ಎಂದೆ, "ಕೂತ ಮಂದಿಯೆಲ್ಲಾ ಒಮ್ಮಿಗೇ ಎದ್ದು ನಿಂತ್ರು."